ಕೊನೆಯ ಡಬ್ಬಿ ಯಾರಿಗೆ?



ಅಂಗಡಿಗಳಲ್ಲಿ ಕೆಲಸ ಮಾಡುವವರು ನಮ್ಮ ಧರ್ಮಕೇಂದ್ರದಲ್ಲಿ ಬಹಳ ಮಂದಿ ಇದ್ದಾರೆ. ಔಷಧದ ಅಂಗಡಿ, ಜವಳಿ ಅಂಗಡಿ, ಗೊಬ್ಬರದ ಅಂಗಡಿ, ದಿನಸಿ ಅಂಗಡಿ, ಹೀಗೆ. ಅವರಲ್ಲಿ ಹೆಚ್ಚಿನವರು ಮಾಲೀಕರಲ್ಲ, ಸಂಬಳಕ್ಕೆ ಕೌಂಟರಿನ ಹಿಂದೆ ನಿಲ್ಲುವವರು. ಅವರ ಆತ್ಮಸಾಕ್ಷಿಯ ವಿಚಾರವನ್ನು ನಾವು ಪ್ರಬೋಧನೆಗಳಲ್ಲಿ ಹೆಚ್ಚು ಕೇಳುವುದಿಲ್ಲ. ಧನಿಕನ ಬಗ್ಗೆ ಕೇಳುತ್ತೇವೆ, ಲಾಜರನ ಬಗ್ಗೆ ಕೇಳುತ್ತೇವೆ. ಇವರಿಬ್ಬರ ನಡುವೆ ನಿಂತು ಸರಕನ್ನು ಎಣಿಸಿ ಕೊಡುವ ನೌಕರನ ಮಾತು ಬರುವುದು ಅಪರೂಪ. ಈ ಸಂಚಿಕೆಯಲ್ಲಿ ಆ ನೌಕರನನ್ನು ಕುರಿತು ಯೋಚಿಸೋಣ.

ಅದಕ್ಕೆ ನಾವು ಆರಿಸಿಕೊಂಡ ಉದಾಹರಣೆ ದೂರದ್ದು. ಅಮೆರಿಕ ದೇಶದಲ್ಲಿ ಬಂದೂಕಿನ ಗುಂಡುಗಳಿಗೆ ಕೊರತೆ ಬಂದಾಗ ಅಂಗಡಿಗಳು, ಅಲ್ಲಿಯ ನೌಕರರು ಎದುರಿಸಿದ ಪ್ರಶ್ನೆ ಅದು. ನಮ್ಮ ದೇಶದಲ್ಲಿ ಗುಂಡು ಕೊಳ್ಳಬೇಕಾದರೆ ಪರವಾನಗಿ ಬೇಕು. ಎಷ್ಟು ಕೊಳ್ಳಬಹುದು ಎಂಬ ಲೆಕ್ಕವೂ ಅದರಲ್ಲೇ ಇರುತ್ತದೆ. ಆದ್ದರಿಂದ ಈ ಪ್ರಶ್ನೆ ನಮ್ಮ ಮನೆಬಾಗಿಲಿಗೆ ಬಂದಿಲ್ಲ. ಬಾರದಿರುವುದೇ ಇಲ್ಲಿ ಅನುಕೂಲ. ಅಕ್ಕಿ, ಔಷಧಿ, ಗೊಬ್ಬರ ಎಂದರೆ ನಮ್ಮ ಸ್ವಂತ ಆಸೆ, ಸ್ವಂತ ಸಿಟ್ಟು ನಡುವೆ ಬಂದು ಕಣ್ಣು ಮಬ್ಬಾಗುತ್ತದೆ. ನಮಗೆ ಬೇಡದ ವಸ್ತುವಿನ ವಿಷಯದಲ್ಲಿ ನ್ಯಾಯ ಸ್ವಲ್ಪ ಸ್ಪಷ್ಟವಾಗಿ ಕಾಣುತ್ತದೆ.

ಅಲ್ಲಿಯ ಸ್ಥಿತಿ ಹೀಗೆ. ಹೆಚ್ಚಿನ ರಾಜ್ಯಗಳಲ್ಲಿ ಗುಂಡುಗಳನ್ನು ದೊಡ್ಡ ಅಂಗಡಿಗಳಲ್ಲಿ, ಗಾಳದ ಕೋಲು, ಡೇರೆ, ಬೂಟುಗಳ ಪಕ್ಕದಲ್ಲೇ ಮಾರುತ್ತಾರೆ. 1968ರ ಕಾನೂನಿನ ಪ್ರಕಾರ ಪರವಾನಗಿ ಪಡೆದ ವ್ಯಾಪಾರಿ ರೈಫಲ್ ಗುಂಡನ್ನು 18 ವರ್ಷ ತುಂಬದವರಿಗೂ ಪಿಸ್ತೂಲಿನ ಗುಂಡನ್ನು 21 ತುಂಬದವರಿಗೂ ಮಾರುವಂತಿಲ್ಲ. ವಯಸ್ಸಿನವರಿಗೆ ಬಹುಮಟ್ಟಿಗೆ ಅದು ಮಾಮೂಲಿ ಸರಕು. ಬೇಟೆಗಾರನೂ ಕೊಳ್ಳುತ್ತಾನೆ, ಗುರಿಯ ಅಭ್ಯಾಸ ಮಾಡುವವನೂ ಕೊಳ್ಳುತ್ತಾನೆ, ಒಂಟಿಯಾಗಿ ವಾಸಿಸುವ ಭಯದಿಂದ ಕೊಳ್ಳುವವರೂ ಇದ್ದಾರೆ.

2012ರ ಡಿಸೆಂಬರ್ 14ರಂದು ಕನೆಕ್ಟಿಕಟ್ ರಾಜ್ಯದ ನ್ಯೂಟೌನ್ ಎಂಬಲ್ಲಿ ಶಾಲೆಗೆ ನುಗ್ಗಿದ ಒಬ್ಬ ಯುವಕ 20 ಮಕ್ಕಳನ್ನೂ 6 ಮಂದಿ ಹಿರಿಯರನ್ನೂ ಕೊಂದ. ದೇಶ ಅತ್ತಿತು. ಇನ್ನು ಕಾನೂನು ಬಿಗಿಯಾಗುತ್ತದೆ ಎಂಬ ಮಾತು ಹಬ್ಬಿತು. ಮಾತು ಹಬ್ಬಿದ್ದೇ ತಡ, ಜನ ಅಂಗಡಿಗೆ ಓಡಿದರು. ಮಕ್ಕಳಿಗೆ ಗುರಿ ಹೇಳಿಕೊಡಲು ಬಳಸುವ ಅತಿ ಸಣ್ಣ, ಅತಿ ಅಗ್ಗದ ಪಾಯಿಂಟ್ 22 ಗುಂಡು ಕೂಡ ಒಂದು ವರ್ಷಕ್ಕೂ ಹೆಚ್ಚು ಕಾಲ ಸರಿಯಾಗಿ ಸಿಗಲಿಲ್ಲ. 2013ರ ಜನವರಿಯಲ್ಲಿ ವಾಲ್‌ಮಾರ್ಟ್ ಒಬ್ಬ ಗಿರಾಕಿಗೆ ದಿನಕ್ಕೆ ಮೂರು ಡಬ್ಬಿ ಮಾತ್ರ ಎಂದು ಮಿತಿ ಹಾಕಿತು. ಏಪ್ರಿಲ್‌ನಲ್ಲಿ ಆ ಹೊಸ ಕಾನೂನು ಸೆನೆಟ್ಟಿನಲ್ಲಿ ಬಿದ್ದುಹೋಯಿತು. ಆದರೂ ಕೊರತೆ ನೀಗಲಿಲ್ಲ. ಕಾರ್ಖಾನೆ ನಿಂತಿರಲಿಲ್ಲ, ಸಿಗುವುದಿಲ್ಲವೆಂಬ ಭಯವೇ ಸಿಗದಂತೆ ಮಾಡಿತ್ತು.

2020ರಲ್ಲಿ ಮತ್ತೆ ಅದೇ ಆಯಿತು, ಇನ್ನೂ ದೊಡ್ಡದಾಗಿ. ಮೊದಲು ಕೊರೋನಾ, ಆಮೇಲೆ ಬೀದಿ ಗಲಭೆ, ಆಮೇಲೆ ಚುನಾವಣೆ. ಆ ವರ್ಷ ಬಂದೂಕಿಗೆ ಸಂಬಂಧಿಸಿ ಸರಕಾರ ನಡೆಸಿದ ಹಿನ್ನೆಲೆ ಪರಿಶೀಲನೆಗಳು ಸುಮಾರು 3 ಕೋಟಿ 97 ಲಕ್ಷ. ಎಲ್ಲ ಪರಿಶೀಲನೆಯೂ ಮಾರಾಟವಲ್ಲ. ಆದರೂ ಹಿಂದಿನ ವರ್ಷಕ್ಕಿಂತ ಅದು ಒಂದು ಕೋಟಿಗೂ ಹೆಚ್ಚು. ಅದೇ ಜುಲೈಯಲ್ಲಿ ರೆಮಿಂಗ್ಟನ್ ಎಂಬ ಹಳೆಯ ಕಂಪನಿ ದಿವಾಳಿ ಅರ್ಜಿ ಹಾಕಿತು. ಸಾಮಾನ್ಯ ಪಿಸ್ತೂಲಿನ ಗುಂಡು ಕೆಲವೆಡೆ ಮೂರು ನಾಲ್ಕು ಪಟ್ಟು ಬೆಲೆಗೆ ಹೋಯಿತು.

ಈಗ ಕೌಂಟರಿನ ಹಿಂದೆ ನಿಂತವನನ್ನು ನೋಡೋಣ. ಬೆಳಗಿನ ಜಾವ ಲಾರಿ ಬಂದಿದೆ. ಪೆಟ್ಟಿಗೆ ಒಡೆದು ಇಳಿಸಿದವನು ಅವನೇ. ಇಪ್ಪತ್ತು ಡಬ್ಬಿ ಬಂದಿವೆ ಎಂದು ಊರಿನಲ್ಲಿ ಗೊತ್ತಿರುವುದು ಅವನಿಗೆ ಮಾತ್ರ. ಬಾಗಿಲ ಹೊರಗೆ ಐವತ್ತು ಜನ ಸಾಲು ನಿಂತಿದ್ದಾರೆ. ಜೇಬಿನಲ್ಲಿ ಮೊಬೈಲ್ ಇದೆ. ಬಾಗಿಲು ತೆರೆಯಲು ಅರ್ಧ ಗಂಟೆ ಬಾಕಿ. ಆ ಅರ್ಧ ಗಂಟೆಯಲ್ಲಿ ಅವನು ಏನು ಮಾಡಬೇಕು?

ಮಾಲೀಕನ ಮುಂದೆ ಇರುವ ಮೊದಲ ದಾರಿ, ಬೆಲೆ ಏರಿಸುವುದು. ಇದರ ಪರವಾಗಿ ಒಂದು ವಾದ ಉಂಟು, ಅದನ್ನು ತಳ್ಳಿಹಾಕುವಂತಿಲ್ಲ. ಬೆಲೆ ಏರಿದರೆ, ಮನೆಯಲ್ಲಿ ಆಗಲೇ ಸಾಕಷ್ಟು ಇರುವವನು ಕೈ ಹಿಂದೆಗೆಯುತ್ತಾನೆ, ನಿಜವಾಗಿ ಬೇಕಾದವನಿಗೆ ಉಳಿಯುತ್ತದೆ ಎಂಬುದು ಆ ವಾದ. ಹಣದ ಲೆಕ್ಕ ಇಡಬೇಕಾದವರ ಮಟ್ಟಿಗೆ ಇದು ನಿಜ. ಆದರೆ ಹಣವಿದ್ದು ಹೆದರಿದವನು ಹಿಂದೆಗೆಯುವುದಿಲ್ಲ. ಅವನು ಇಪ್ಪತ್ತನ್ನೂ ಒಯ್ಯುತ್ತಾನೆ. ಹಿಂದೆಗೆಯುವವನು ಬಡವ, ಅವನ ಅಗತ್ಯ ಎಷ್ಟೇ ದೊಡ್ಡದಿದ್ದರೂ.

ಸಂತ ತೋಮಸ್ ಅಕ್ವಿನಾಸರು 13ನೇ ಶತಮಾನದಲ್ಲೇ ಈ ಪ್ರಶ್ನೆಯನ್ನು ಬಿಡಿಸಿ ನೋಡಿದ್ದಾರೆ. ಮಾರುವವನಿಗೆ ಆ ವಸ್ತುವನ್ನು ಬಿಟ್ಟುಕೊಡುವುದರಿಂದ ನಷ್ಟವಿದ್ದರೆ, ಆ ನಷ್ಟವನ್ನು ಬೆಲೆಗೆ ಸೇರಿಸಬಹುದು ಎನ್ನುತ್ತಾರೆ ಅವರು. ಆದರೆ ಮಾರುವವನಿಗೆ ವಿಶೇಷ ನಷ್ಟವಿಲ್ಲದೆ, ಕೊಳ್ಳುವವನಿಗೆ ಮಾತ್ರ ಅದು ತುಂಬ ಬೇಕಾಗಿದೆ ಎಂಬ ಕಾರಣಕ್ಕೆ ಬೆಲೆ ಏರಿಸುವುದು ಸರಿಯಲ್ಲ. ಏಕೆಂದರೆ ಆ ಹೆಚ್ಚುವರಿ ಬೆಲೆ ಹುಟ್ಟಿದ್ದು ಮಾರುವವನ ಶ್ರಮದಿಂದಲ್ಲ, ಕೊಳ್ಳುವವನ ಪರಿಸ್ಥಿತಿಯಿಂದ. ತನ್ನದಲ್ಲದ್ದನ್ನು ಯಾರೂ ಮಾರಬಾರದು. ನಮ್ಮ ಮಾತಿನಲ್ಲಿ ಹೇಳುವುದಾದರೆ, ಗಿರಾಕಿಯ ಭಯ ಅಂಗಡಿಯವನ ಸರಕಲ್ಲ. ಸಗಟು ಬೆಲೆ ಏರಿತೆ, ಅಷ್ಟು ಏರಿಸಲಿ. ಕಳೆದ ವಾರ ಹಳೆಯ ಬೆಲೆಗೆ ತಂದಿಟ್ಟ ಡಬ್ಬಿಗೆ ಇಂದಿನ ಭಯದ ಬೆಲೆ ಹಚ್ಚಿದರೆ, ಅವನು ಮಾರುತ್ತಿರುವುದು ಡಬ್ಬಿಯನ್ನಲ್ಲ. ಧಾನ್ಯವನ್ನು ಬಿಗಿಹಿಡಿದವನನ್ನು ಜನ ಶಪಿಸುತ್ತಾರೆ ಎಂದು ಜ್ಞಾನೋಕ್ತಿಗಳ ಗ್ರಂಥ ಎಚ್ಚರಿಸುವುದೂ ಇದಕ್ಕೇ.

ಎರಡನೆಯ ದಾರಿ, ಬೆಲೆ ಏರಿಸದೆ ಮೊದಲು ಬಂದವರಿಗೆ ಕೊಡುವುದು. ಇದು ನ್ಯಾಯವೆಂದು ತೋರುತ್ತದೆ. ಆದರೆ ಅಮೆರಿಕದಲ್ಲಿ ಆದದ್ದು ಬೇರೆ. ಬೆಳಿಗ್ಗೆ ಕೆಲಸಕ್ಕೆ ಹೋಗಬೇಕಾದವನು ಸಾಲಿನಲ್ಲಿ ನಿಲ್ಲಲಾರ. ನಿಲ್ಲುವುದನ್ನೇ ಕೆಲಸ ಮಾಡಿಕೊಂಡ ಕೆಲವರು ದಿನಾ ಬಂದು ಅಗ್ಗದ ಬೆಲೆಗೆ ಒಯ್ದು ಹೊರಗೆ ಎರಡು ಮೂರು ಪಟ್ಟಿಗೆ ಮಾರಿದರು. ಒಳ್ಳೆಯ ಅಂಗಡಿಯವನು ಬಿಟ್ಟ ಲಾಭ ಗಿರಾಕಿಗೆ ಸೇರಲಿಲ್ಲ, ಮಧ್ಯದವನಿಗೆ ಸೇರಿತು. ಆದ್ದರಿಂದ ಬೆಲೆಯ ನ್ಯಾಯ ಒಂದೇ ಸಾಲದು, ಮಿತಿಯೂ ಬೇಕು. ಒಬ್ಬರಿಗೆ ಇಷ್ಟೇ ಎಂದ ಮೇಲೆ ಸಾಲಿನ ನಲವತ್ತನೆಯವನಿಗೂ ಸ್ವಲ್ಪ ಆಸೆ ಉಳಿಯುತ್ತದೆ. ಮಿತಿ ಹಾಕಿದ ಅಂಗಡಿ ಒಂದೇ ದಿನದಲ್ಲಿ ಎಲ್ಲವನ್ನೂ ಮಾರಿ ಬಾಗಿಲು ಮುಚ್ಚುವ ಸುಖವನ್ನು ಬಿಟ್ಟುಕೊಡುತ್ತದೆ. ಅದರ ತ್ಯಾಗ ಸಣ್ಣದು, ಆದರೆ ನಿಜವಾದದ್ದು.

ಇನ್ನು ಕೆಲವು ಬಂದೂಕಿನ ಅಂಗಡಿಗಳು, ತಮ್ಮಲ್ಲಿ ಹೊಸ ಬಂದೂಕು ಕೊಂಡವರಿಗೆ ಮಾತ್ರ ಗುಂಡು ಎಂದು ತೆಗೆದಿಟ್ಟವು. ಗುಂಡಿಲ್ಲದ ಬಂದೂಕು ಉಪಯೋಗವಿಲ್ಲ, ಅಭ್ಯಾಸವಿಲ್ಲದ ಹೊಸಬನ ಕೈಯಲ್ಲಿ ಅಪಾಯ ಕೂಡ. ಆದ್ದರಿಂದ ಇದರಲ್ಲಿ ಅಗತ್ಯದ ವಿಚಾರವಿದೆ. ವ್ಯಾಪಾರದ ಉಪಾಯವೂ ಇದೆ. ಎರಡೂ ಒಂದೇ ಚೀಲದಲ್ಲಿ ಇರುವಾಗ, ಯಾವುದು ಯಾವುದಕ್ಕೆ ಹೊದಿಕೆ ಎಂಬುದನ್ನು ಅಂಗಡಿಯವನೇ ತನ್ನ ಒಳಗೆ ಕೇಳಿಕೊಳ್ಳಬೇಕು.

ಇವೆಲ್ಲ ಮಾಲೀಕರ ತೀರ್ಮಾನಗಳು. ನೌಕರನ ಪರೀಕ್ಷೆ ಬೇರೆ. ಅವನಿಗೆ ಬೆಲೆ ನಿಗದಿ ಮಾಡುವ ಅಧಿಕಾರವಿಲ್ಲ. ಅವನಲ್ಲಿ ಇರುವುದು ಒಂದೇ: ಲಾರಿ ಯಾವಾಗ ಬಂತು, ಎಷ್ಟು ಬಂತು ಎಂಬ ತಿಳಿವಳಿಕೆ. ಕೊರತೆಯ ಕಾಲದಲ್ಲಿ ಈ ತಿಳಿವಳಿಕೆಯೇ ಹಣ. ಗೆಳೆಯನಿಗೆ ಒಂದು ಸಂದೇಶ ಕಳಿಸಿದರೆ ಸಾಕು. ಎರಡು ಡಬ್ಬಿಯನ್ನು ಕೌಂಟರಿನ ಕೆಳಗೆ ಸರಿಸಿದರೆ ಸಾಕು. ಅಲ್ಲಿಯ ಗಿರಾಕಿಗಳು ಆಗ ಮತ್ತೆ ಮತ್ತೆ ಆಡಿದ ದೂರು ಇದೇ ಆಗಿತ್ತು. ಎಷ್ಟೋ ಕಡೆ ಅದು ಸುಳ್ಳು ಅನುಮಾನವೂ ಆಗಿದ್ದಿರಬಹುದು; ಕಡಿಮೆ ಸಂಬಳಕ್ಕೆ ನಿಂತ ಹುಡುಗಿಯೊಬ್ಬಳು ದಿನವಿಡೀ ಬೈಗುಳ ಕೇಳುವುದೂ ಅನ್ಯಾಯವೇ.

ಹಾಗಾದರೆ ನೌಕರ ತನಗಾಗಿ ಕೊಳ್ಳಲೇಬಾರದೆ? ಅಷ್ಟು ಕಠಿಣವಾಗಿ ಹೇಳಲು ನಮಗೆ ಮನಸ್ಸಿಲ್ಲ. ಅವನೂ ಮನುಷ್ಯ, ಅವನಿಗೂ ಅಗತ್ಯ ಇರಬಹುದು. ಸರಕು ಎಲ್ಲರ ಕಣ್ಣಿಗೆ ಬಿದ್ದ ಮೇಲೆ, ಎಲ್ಲರ ಮಿತಿಯೊಳಗೆ, ಎಲ್ಲರ ಸಾಲಿನಲ್ಲಿ ನಿಂತು ಕೊಂಡರೆ ದೋಷವಿಲ್ಲ. ಬಾಗಿಲು ತೆರೆಯುವ ಮೊದಲು ಕೊಂಡರೆ ದೋಷ. ಏಕೆಂದರೆ ಆ ಅರ್ಧ ಗಂಟೆಯ ತಿಳಿವಳಿಕೆ ಅವನ ಸ್ವಂತದ್ದಲ್ಲ. ಹೊರಗೆ ನಿಂತವರ ಪರವಾಗಿ ಅವನ ಕೈಗೆ ಕೊಟ್ಟ ಬೀಗದ ಕೈ ಅದು.

ಮಾತಿನ ವಿಷಯವೂ ಇದೆ. “ಸ್ಟಾಕ್ ಇಲ್ಲ” ಎಂಬುದು ಕೌಂಟರಿನ ಅತಿ ಸುಲಭದ ಸುಳ್ಳು. “ಇದೆ, ಆದರೆ ಇವತ್ತಿನ ಮಿತಿ ಮುಗಿಯಿತು” ಎನ್ನುವುದು ಕಷ್ಟ. ಹಾಗೆಂದರೆ ಜಗಳಕ್ಕೆ ನಿಲ್ಲಬೇಕು. ಕೊಡದಿರುವ ಹಕ್ಕು ಅಂಗಡಿಗೆ ಇರಬಹುದು, ಸುಳ್ಳು ಹೇಳುವ ಹಕ್ಕು ಇಲ್ಲ. ಅಕ್ವಿನಾಸರು ಇಲ್ಲಿಯೂ ಒಂದು ಸೂಕ್ಷ್ಮ ತೋರಿಸಿದ್ದಾರೆ. ಗೋಧಿ ತುಟ್ಟಿಯಾದ ಊರಿಗೆ ಗೋಧಿ ತಂದ ವ್ಯಾಪಾರಿಗೆ, ಹಿಂದೆಯೇ ಇನ್ನೂ ಹಲವರು ಗೋಧಿ ತರುತ್ತಿದ್ದಾರೆ ಎಂದು ಗೊತ್ತು. ಅವನು ಅದನ್ನು ಹೇಳಲೇಬೇಕೆ? ನ್ಯಾಯದ ಕಟ್ಟಳೆಯಿಂದ ಹೇಳಲೇಬೇಕೆಂದಿಲ್ಲ. ಹೇಳಿದರೆ, ಅಥವಾ ಬೆಲೆ ಇಳಿಸಿದರೆ, ಅದು ಹೆಚ್ಚಿನ ಸದ್ಗುಣ ಎಂಬುದು ಅವರ ಉತ್ತರ. ಗುರುವಾರ ಮತ್ತೆ ಲಾರಿ ಬರುತ್ತದೆ ಎಂದು ಗೊತ್ತಿರುವ ನೌಕರ ಆ ಒಂದು ಮಾತು ಹೇಳಿದರೆ ಐವತ್ತು ಜನರ ಎದೆಬಡಿತ ಇಳಿಯುತ್ತದೆ. ಭಯ ತಂದ ಕೊರತೆಗೆ ನಿಜವೇ ಮೊದಲ ಮದ್ದು.

ಇಲ್ಲಿಯವರೆಗೆ ಗುಂಡನ್ನು ಅಕ್ಕಿಯಂತೆಯೇ ಎಣಿಸಿದೆವು. ಆದರೆ ಅದು ಅಕ್ಕಿಯಲ್ಲ. ಆಯುಧಗಳ ಉತ್ಪಾದನೆ, ಮಾರಾಟ ಸಮಾಜದ ಒಳಿತಿಗೆ ಸಂಬಂಧಿಸಿದ ವಿಷಯ, ಅದನ್ನು ನಿಯಂತ್ರಿಸುವ ಹಕ್ಕೂ ಕರ್ತವ್ಯವೂ ಸರಕಾರಕ್ಕಿದೆ ಎಂದು ಧರ್ಮಸಭೆಯ ಧರ್ಮೋಪದೇಶ ಗ್ರಂಥ ಹೇಳುತ್ತದೆ. ಆತ್ಮರಕ್ಷಣೆಯ ಹಕ್ಕನ್ನೂ ಅದು ಒಪ್ಪುತ್ತದೆ. 2015ರಲ್ಲಿ ಪೋಪ್ ಫ್ರಾನ್ಸಿಸ್‌ರವರು ಅಮೆರಿಕದ ಸಂಸತ್ತಿನಲ್ಲೇ ನಿಂತು, ಸಂಕಟ ಕೊಡಲು ಹೊರಟವರಿಗೆ ಆಯುಧ ಮಾರುವುದು ಏಕೆ ಎಂದು ಕೇಳಿದರು. ಅದು ರಕ್ತದಲ್ಲಿ ತೊಯ್ದ ಹಣಕ್ಕಾಗಿ ಎಂಬುದೇ ಅವರು ಕೊಟ್ಟ ಉತ್ತರ. 2019ರ ಆಗಸ್ಟಿನಲ್ಲಿ ಟೆಕ್ಸಾಸಿನ ಎಲ್ ಪಾಸೋದಲ್ಲಿ ವಾಲ್‌ಮಾರ್ಟ್ ಅಂಗಡಿಯೊಳಗೇ ಹತ್ಯಾಕಾಂಡ ನಡೆದ ಮೇಲೆ, ಆ ಕಂಪನಿ ಪಿಸ್ತೂಲಿನ ಗುಂಡು ಮತ್ತು ಕೆಲವು ಬಗೆಯ ರೈಫಲ್ ಗುಂಡುಗಳ ಮಾರಾಟವನ್ನೇ ನಿಲ್ಲಿಸುವುದಾಗಿ ಹೇಳಿತು. ಹಂಚುವುದು ಹೇಗೆ ಎಂಬುದಕ್ಕಿಂತ ಮುಂಚಿನ ಪ್ರಶ್ನೆ, ಮಾರುವುದು ಸರಿಯೇ ಎಂಬುದು.

ಇದರಲ್ಲಿ ಸಂಬಳದ ನೌಕರನ ಪಾಲು ಎಷ್ಟು? ಗಿರಾಕಿ ಮುಂದೆ ಮಾಡುವ ಎಲ್ಲದಕ್ಕೂ ಅವನು ಹೊಣೆಯಲ್ಲ. ಕಾನೂನಿನಂತೆ ಮಾರಿದ ವಸ್ತು ದೂರದಲ್ಲೆಲ್ಲೋ ಕೆಟ್ಟದ್ದಕ್ಕೆ ಬಳಕೆಯಾದರೆ, ಅವನು ಅದನ್ನು ಬಯಸಿದವನಲ್ಲ. ಆದರೆ ಅವನ ಕಣ್ಣೆದುರಿನಲ್ಲಿ ಕಂಡದ್ದಕ್ಕೆ ಅವನು ಹೊಣೆ. ಇದಕ್ಕೆ ನ್ಯೂ ಹ್ಯಾಂಪ್‌ಶೈರ್ ರಾಜ್ಯದಲ್ಲಿ ನಡೆದ ಒಂದು ಸಂಗತಿ ನಮ್ಮನ್ನು ಬಹಳ ಕಾಡುತ್ತದೆ. 2009ರಲ್ಲಿ ಒಂದು ವಾರದೊಳಗೆ, ಒಬ್ಬರಿಗೊಬ್ಬರು ಸಂಬಂಧವಿಲ್ಲದ ಮೂವರು ಒಂದೇ ಅಂಗಡಿಯಿಂದ ಬಂದೂಕು ಕೊಂಡು ಕೆಲವೇ ಗಂಟೆಗಳಲ್ಲಿ ತಮ್ಮ ಪ್ರಾಣ ಕಳೆದುಕೊಂಡರು. ಕಾನೂನು ಪ್ರಕಾರ ಎಲ್ಲವೂ ಸರಿಯಾಗಿತ್ತು. ಆದರೂ ಆ ರಾಜ್ಯದ ಬಂದೂಕು ವ್ಯಾಪಾರಿಗಳು ಆರೋಗ್ಯ ಕ್ಷೇತ್ರದವರೊಡನೆ ಕೂತು, ಬದುಕು ಬೇಡವಾಗಿ ಬಂದ ಗಿರಾಕಿಯನ್ನು ನೌಕರ ಹೇಗೆ ಗುರುತಿಸಬಹುದು, ಆಗ ಮಾರದೆ ಏನು ಮಾಡಬಹುದು ಎಂಬ ಸೂಚನೆಗಳನ್ನು ಸಿದ್ಧಪಡಿಸಿದರು. ಬಂದೂಕು ಮಾರುವವರೇ ಮಾರದಿರುವುದನ್ನು ಕಲಿಯಲು ಕೂತರು.

ಕೊರತೆಯ ಕಾಲದಲ್ಲಿ ಮೊದಲು ಕಳೆದುಹೋಗುವುದು ಈ ನೋಟವೇ. ಐವತ್ತು ಜನರ ಸಾಲಿನಲ್ಲಿ ಪ್ರತಿಯೊಬ್ಬನೂ ಒಂದು ಸಂಖ್ಯೆ. ಮೂರು ಡಬ್ಬಿ, ಹಣ, ಮುಂದಿನವರು. ಹದಿನೇಳನೆಯವನ ಕೈ ನಡುಗುತ್ತಿತ್ತೇ ಎಂದು ನೋಡುವವರಾರು?

ಹಾಗಾದರೆ ಎಲ್ಲರಿಗೂ ಒಂದೇ ನಿಯಮ ಎನ್ನಬೇಕೆ, ಮುಖ ನೋಡಿ ತೀರ್ಮಾನಿಸಬೇಕೆ? ಮುಖ ನೋಡಲು ಹೊರಟರೆ ಪರಿಚಯದ ಮುಖಕ್ಕೇ ಮೊದಲು ಸಿಗುತ್ತದೆ. ಮುಖ ನೋಡದಿದ್ದರೆ ಸಂಕಟದ ಮುಖ ಕಾಣದೆ ಹೋಗುತ್ತದೆ. ನಾವು ಯೋಚಿಸಿ ಕಂಡ ಉತ್ತರ ಇಷ್ಟು: ನಿಯಮ ಇರುವುದು ನಮ್ಮ ಪಕ್ಷಪಾತವನ್ನು ತಡೆಯಲು, ಕಣ್ಣು ಇರುವುದು ನಮ್ಮ ಕೈಯಿಂದಾಗುವ ಹಾನಿಯನ್ನು ತಡೆಯಲು. ಅಪಾಯ ಕಂಡಾಗ ಕೊಡದಿರಲು ನಿಯಮವನ್ನು ಮೀರಬಹುದು. ನಮ್ಮವರು ಎಂಬ ಕಾರಣಕ್ಕೆ ಕೊಡಲು ಮೀರಬಾರದು.

ಈ ಮಾತನ್ನು ಬರೆಯುವಾಗ ನಮ್ಮದೇ ಒಂದು ನೆನಪು ಅಡ್ಡ ಬಂತು. 2020ರ ಮಾರ್ಚ್ ತಿಂಗಳು. ಕೇಂದ್ರ ಸರಕಾರ ಮಾಸ್ಕ್, ಸ್ಯಾನಿಟೈಸರುಗಳನ್ನು ಅಗತ್ಯ ವಸ್ತುಗಳ ಪಟ್ಟಿಗೆ ಸೇರಿಸಿ, 200 ಮಿಲಿಲೀಟರ್ ಸ್ಯಾನಿಟೈಸರಿಗೆ 100 ರೂಪಾಯಿ ಮೀರಬಾರದು ಎಂದು ಬೆಲೆ ಕಟ್ಟಿದ ದಿನಗಳು. ಬೆಲೆ ಕಟ್ಟಿದರೂ ಸರಕು ಇರಲಿಲ್ಲ. ಔಷಧದ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದ ನಮ್ಮ ಪರಿಚಯದ ಹುಡುಗನಿಗೆ ನಾವು ಫೋನು ಮಾಡಿದೆವು. “ಬನ್ನಿ ಅಂಕಲ್, ಎರಡು ಎತ್ತಿಟ್ಟಿರ್ತೇನೆ” ಎಂದ. ಹೋದೆವು. ನಮ್ಮ ಮುಂದೆ ಬೇರೆ ಭಾಷೆಯ ಒಬ್ಬ ಮುದುಕಿ ನಿಂತಿದ್ದಳು. ಆಕೆ ಕೇಳಿದ್ದೂ ಅದನ್ನೇ. ಹುಡುಗ ಆಕೆಯ ಭಾಷೆಯಲ್ಲೇ “ಇಲ್ಲ” ಎಂದ. ಆಕೆ ಮೆಟ್ಟಿಲಿಳಿದ ಮೇಲೆ ಕೌಂಟರಿನ ಕೆಳಗಿಂದ ನಮ್ಮ ಚೀಲಕ್ಕೆ ಎರಡು ಬಾಟಲಿ ಬಂದವು. ಮನೆಗೆ ಬಂದು ನಾವು ಆ ಹುಡುಗನನ್ನು ಹೊಗಳಿದೆವು. “ನಮ್ಮವರು ಅಂದರೆ ಹೀಗಿರಬೇಕು” ಎಂದೆವು.

ತಪ್ಪು ಹುಡುಗನದ್ದೆ? ಅವನು ಎತ್ತಿಟ್ಟದ್ದು ನಾವು ಕೇಳಿದ್ದರಿಂದ. ಕೌಂಟರಿನ ಹಿಂದೆ ನಿಂತವನ ಪರೀಕ್ಷೆಯನ್ನು ಬರೆಯುವವರು ಮುಂದೆ ನಿಂತ ನಾವು. ಅವನು ಒಲ್ಲೆ ಎಂದಿದ್ದರೆ “ಸೊಕ್ಕು ಬಂದಿದೆ” ಎಂದು ಧರ್ಮಕೇಂದ್ರದ ಅಂಗಳದಲ್ಲೇ ಆಡಿಕೊಳ್ಳುತ್ತಿದ್ದೆವು. ನೌಕರನು ನ್ಯಾಯವಾಗಿ ನಡೆಯಬೇಕಾದರೆ ಅವನ ಬಂಧುಗಳೂ ಪರಿಚಯದವರೂ ಅವನಿಗೆ ಆ ಸ್ವಾತಂತ್ರ್ಯ ಕೊಡಬೇಕು.

ಭಾಷಾ ಅಲ್ಪಸಂಖ್ಯಾತರಾದ ನಮಗೆ ಇದು ಬೇರೆಯವರಿಗಿಂತ ಚೆನ್ನಾಗಿ ಗೊತ್ತಿರಬೇಕಿತ್ತು. ಕಚೇರಿಯ ಕಿಟಕಿಯಲ್ಲಿ, ನಮ್ಮ ಭಾಷೆ ಬಾರದವರ ಮುಂದೆ, ಸಾಲು ನಮ್ಮನ್ನು ದಾಟಿ ಹೋದದ್ದನ್ನು ನಾವು ಕಂಡವರೇ. ಆ ನೋವಿಗೆ ಎರಡು ಪಾಠಗಳಿವೆ. ಒಂದು, ಅವಕಾಶ ಸಿಕ್ಕಾಗ ನಮ್ಮವರಿಗೆ ಮೊದಲು ಕೊಡುವುದು. ಇನ್ನೊಂದು, ಯಾರಿಗೂ ಹಾಗಾಗದಂತೆ ನೋಡಿಕೊಳ್ಳುವುದು. ಮೊದಲನೆಯದನ್ನು ಕಲಿಯಲು ಯಾವ ಶಾಲೆಯೂ ಬೇಡ.

ಆದಿ ಧರ್ಮಸಭೆಯಲ್ಲಿ ಎದ್ದ ಮೊದಲ ಜಗಳಗಳಲ್ಲಿ ಒಂದು ಇದೇ. ಪ್ರೇಷಿತರ ಕಾರ್ಯಕಲಾಪಗಳ ಆರನೆಯ ಅಧ್ಯಾಯ ತೆರೆದು ನೋಡಿ. ದಿನದಿನದ ಹಂಚಿಕೆಯಲ್ಲಿ ತಮ್ಮ ವಿಧವೆಯರಿಗೆ ಸರಿಯಾಗಿ ಸಿಗುತ್ತಿಲ್ಲ ಎಂದು ಗ್ರೀಕ್ ಮಾತನಾಡುವ ಯೆಹೂದ್ಯರು ದೂರಿದರು. ಪ್ರೇಷಿತರು ದೂರಿದವರನ್ನು ಗದರಿಸಲಿಲ್ಲ. ಒಳ್ಳೆಯ ಹೆಸರು ಪಡೆದ ಏಳು ಮಂದಿಯನ್ನು ಆರಿಸಲು ಸಮುದಾಯಕ್ಕೇ ಹೇಳಿ, ಹಂಚುವ ಕೆಲಸವನ್ನು ಅವರಿಗೆ ಒಪ್ಪಿಸಿದರು. ಆ ಏಳು ಹೆಸರುಗಳೂ ಗ್ರೀಕ್ ಹೆಸರುಗಳು. ದೂರಿದವರ ಕಡೆಯವರ ಕೈಗೇ ಎಲ್ಲರ ಪಾತ್ರೆಯನ್ನೂ ಕೊಟ್ಟರು ಎಂದಂತಾಯಿತು. ಅವರು ಇಬ್ರಿಯ ವಿಧವೆಯರನ್ನು ಹಸಿದಿಟ್ಟರೆಂದು ಎಲ್ಲಿಯೂ ಬರೆದಿಲ್ಲ. ಅವರಲ್ಲಿ ಮೊದಲನೆಯವರಾದ ಸ್ತೇಫನರು ಧರ್ಮಸಭೆಯ ಮೊದಲ ರಕ್ತಸಾಕ್ಷಿಯಾದರು. ಅವರನ್ನು ನಾವು ನೆನೆಯುವುದು ಕಲ್ಲೆಸೆತಕ್ಕೆ ಒಳಗಾದವರೆಂದು. ಅದಕ್ಕೂ ಮೊದಲು ಅವರು ಎಣಿಸಿ ಬಡಿಸಿದವರು.

ಮುಂದೆಯೂ ಏನಾದರೊಂದಕ್ಕೆ ಕೊರತೆ ಬರುತ್ತದೆ. ಗೊಬ್ಬರವೋ, ಗ್ಯಾಸೋ, ಔಷಧಿಯೋ. ಆಗ ನಮ್ಮ ಮಕ್ಕಳಲ್ಲಿ ಯಾರೋ ಒಬ್ಬರು ಕೌಂಟರಿನ ಹಿಂದೆ ಇರುತ್ತಾರೆ. ಅವರಿಗೆ ಫೋನು ಮಾಡದಿರೋಣ. ಸಾಲಿನಲ್ಲಿ ನಿಲ್ಲೋಣ. ನಮ್ಮ ಸರದಿ ಬರುವ ಮೊದಲೇ ಮುಗಿದುಹೋದರೆ, ಬರಿಗೈಯಲ್ಲಿ ಹೊರಡುವ ಮುನ್ನ ಆ ಹುಡುಗನಿಗೋ ಹುಡುಗಿಗೋ “ಪರವಾಗಿಲ್ಲಪ್ಪಾ” ಎಂದು ಒಂದು ಮಾತು ಹೇಳಿ ಬರೋಣ.